ಹೈಪರ್‌ಟುಫಾ ತೊಟ್ಟಿ: ಮಾಡುವುದು, ಗಿಡ ನೆಡುವುದು

ಹಳೇ ಕಲ್ಲಿನ ತೊಟ್ಟಿಯಲ್ಲಿ ಪುಟ್ಟ ಗಿಡಗಳು ಕಾಣುವಷ್ಟು ಚೆಂದ ಬೇರೆಲ್ಲೂ ಕಾಣುವುದಿಲ್ಲ. ಇಂಗ್ಲೆಂಡಿನ ತೋಟಗಾರರು ಬೆಟ್ಟದ ಗಿಡಗಳನ್ನು ಹಳೇ ಕಲ್ಲಿನ ಸಿಂಕುಗಳಲ್ಲಿ ಬೆಳೆಸುತ್ತಿದ್ದರು. ಅಂಥ ಸಿಂಕು ಸಿಗುವುದು ಕಷ್ಟವಾದಾಗ ಹೈಪರ್‌ಟುಫಾ ಎಂಬ ಸಿಮೆಂಟ್ ಮಿಶ್ರಣ ಬಳಕೆಗೆ ಬಂತು. ನೋಡಲು ಕಲ್ಲು, ತೂಕದಲ್ಲಿ ಕಾಂಕ್ರೀಟಿಗಿಂತ ಹಗುರ.

ನಾನು ಬಳಸುವ ಅಳತೆ ಇದು: 1 ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್, 1.5 ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ), 1.5 ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು). ತೂಕ ಬೇಡ, ಒಂದೇ ಡಬ್ಬಿಯಲ್ಲಿ ಅಳೆಯಿರಿ. ಕೋಕೊಪೀಟ್ ತೊಳೆದು, ಹಿಂಡಿ, ಗಂಟು ಒಡೆದಿರಬೇಕು. ಮಾಸ್ಕ್, ರಬ್ಬರ್ ಗ್ಲೌಸ್ ಇಲ್ಲದೆ ಕೈ ಹಾಕಲೇಬೇಡಿ. ಸಿಮೆಂಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಸಿಮೆಂಟ್ ಚರ್ಮ ಸುಡುತ್ತದೆ.

ಮೊದಲು ಒಣದಾಗಿಯೇ ಚೆನ್ನಾಗಿ ಕಲಸಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಒಂದು ಮುಷ್ಟಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನಾಲ್ಕೈದು ಹನಿ ಮಾತ್ರ ಬೀಳಬೇಕು. ನೀರು ಜಾಸ್ತಿಯಾದರೆ ಗೋಡೆ ಕುಸಿಯುತ್ತದೆ, ಬಲವೂ ಕಡಿಮೆ.

ಅಚ್ಚಿಗೆ ಎರಡು ರಟ್ಟಿನ ಪೆಟ್ಟಿಗೆ ಸಾಕು. ಒಂದರೊಳಗೆ ಇನ್ನೊಂದು ಇಟ್ಟಾಗ ಸುತ್ತಲೂ 5 ಸೆಂ.ಮೀ. ಜಾಗ ಉಳಿಯಬೇಕು. ದೊಡ್ಡ ಪೆಟ್ಟಿಗೆಗೆ ಒಳಗಿನಿಂದ, ಚಿಕ್ಕದಕ್ಕೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಹೊದಿಸಿ. ತಳಕ್ಕೆ 5 ಸೆಂ.ಮೀ. ಮಿಶ್ರಣ ಹಾಕಿ ಒತ್ತಿ, ನೀರು ಬಸಿಯಲು ಬೆರಳು ದಪ್ಪದ ಕಡ್ಡಿಗಳನ್ನು ಅಷ್ಟೇ ಎತ್ತರಕ್ಕೆ ನಿಲ್ಲಿಸಿ. ಒಳಪೆಟ್ಟಿಗೆಯನ್ನು ಅದರ ಮೇಲಿಟ್ಟು ಮರಳು ತುಂಬಿದರೆ ಗೋಡೆ ಒಳಕ್ಕೆ ಬಾಗುವುದಿಲ್ಲ. ಬದಿಗಳಿಗೆ ಮಿಶ್ರಣ ಹಾಕುವಾಗ ಕೋಲಿನಿಂದ ತಟ್ಟುತ್ತಾ ಹೋಗಿ. ಮೂಲೆಗಳಲ್ಲಿ ಸುಮ್ನೆ ತುಂಬಿಬಿಟ್ಟರೆ ಟೊಳ್ಳು ಉಳಿಯುತ್ತದೆ.

ಪ್ಲಾಸ್ಟಿಕ್ ಮುಚ್ಚಿ ಒಂದೂವರೆ ದಿನ ಬಿಡಿ. ಉಗುರಿನಿಂದ ಗೀರಿದರೆ ಗೆರೆ ಮೂಡಬೇಕು, ಬೆರಳಿನಿಂದ ಒತ್ತಿದರೆ ತಗ್ಗಬಾರದು. ಅದೇ ಸರಿಯಾದ ಹೊತ್ತು. ರಟ್ಟು ಹರಿದು ತೆಗೆಯಿರಿ, ಕಡ್ಡಿ ಎಳೆಯಿರಿ. ಈಗ ತಂತಿ ಬ್ರಷ್ ಹಿಡಿಯಿರಿ. ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಪೆಟ್ಟಿಗೆಯ ನೇರ ಅಂಚು ಕಲ್ಲಿಗಿರುವುದಿಲ್ಲ, ಅಲ್ವಾ? ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ, ಬದಿಗಳಲ್ಲಿ ಅಲ್ಲಲ್ಲಿ ಗೀರಿ, ಹಾಳೆಯ ನುಣುಪು ಹೋಗುವವರೆಗೂ ಬಿಡಬೇಡಿ.

ಇನ್ನು ಕಾಯಬೇಕು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ಕೂಡಿ ಗಟ್ಟಿಯಾಗುವುದು. ಬಿಸಿಲಿಗಿಟ್ಟರೆ ಬಿರುಕು ಖಂಡಿತ. ಒದ್ದೆ ಮಾಡಿ, ಪ್ಲಾಸ್ಟಿಕ್ ಸುತ್ತಿ, ನೆರಳಲ್ಲಿ 3ರಿಂದ 4 ವಾರ ಇಡಿ. ಆಮೇಲೆ ಬಿಚ್ಚಿ ಇನ್ನೆರಡು ವಾರ ಆಗಾಗ ನೀರು ಹೊಯ್ದು ಸುಣ್ಣದಂಶ ತೊಳೆಯಿರಿ. ಹೊಸ ತೊಟ್ಟಿಯ ಕ್ಷಾರಕ್ಕೆ ಎಳೆ ಬೇರು ಸುಟ್ಟೀತು.

ನೆಡುವ ಮೊದಲೇ ತೊಟ್ಟಿಯನ್ನು ಅದರ ಜಾಗದಲ್ಲಿ, ಇಟ್ಟಿಗೆಗಳ ಮೇಲಿಡಿ. ತುಂಬಿದ ಮೇಲೆ ಎಳೆದಾಡುವುದು ಬೇಡ. ತೂತಿಗೆ ಜಾಲರಿ ಹಾಕಿ. ಅರ್ಧ ಸಣ್ಣ ಜಲ್ಲಿ ಅಥವಾ ದಪ್ಪ ಮರಳು, ಉಳಿದರ್ಧ ಮಣ್ಣು, ಕಾಂಪೋಸ್ಟ್. ಬಿಸಿಲಿದ್ದರೆ ದಪ್ಪ ಎಲೆಯ ಗಿಡಗಳಾದ ಸೆಡಮ್, ಎಕೆವೇರಿಯಾ; ತಂಪು ಹವೆಯಲ್ಲಿ ಬೆಟ್ಟದ ಗಿಡಗಳಾದ ಸೆಂಪರ್ವೈವಮ್, ಸ್ಯಾಕ್ಸಿಫ್ರೇಜ್. ಒಂದೆರಡು ಕಲ್ಲನ್ನು ಮೂರನೇ ಒಂದು ಭಾಗ ಹೂತು, ಅದರ ಸಂದಿಯಲ್ಲಿ ಗಿಡ ಕೂರಿಸಿ. ಮೇಲೆ 2 ಸೆಂ.ಮೀ. ಜಲ್ಲಿ ಹರಡಿದರೆ ಬುಡ ಕೊಳೆಯುವುದಿಲ್ಲ. ಆಮೇಲೆ ನೀರು ಹಾಕುವುದು ಮೇಲಿನ ಮಣ್ಣು ಒಣಗಿದ ಮೇಲೆಯೇ.