ಜಿಡಿಎಸ್ ಅಂದರೆ ಯಾವ ಜಿಡಿಎಸ್? ಟೂಲ್ ಡೇಟಾಬೇಸ್‌ನ ರೆಕಾರ್ಡ್ ಓದುವ ಬಗೆ

ಸಿನಾಪ್ಸಿಸ್ (ಥೀಸಿಸ್ ಶುರುವಾಗುವ ಮುಂಚಿನ ರೂಪರೇಖೆ) ಸಲ್ಲಿಸುವ ಗಡುವು ಹತ್ತಿರವಾದಾಗ ಬೆಂಗಳೂರಿನ ನರ್ಸಿಂಗ್, ಕಮ್ಯುನಿಟಿ ಮೆಡಿಸಿನ್, ಸೈಕಾಲಜಿ ಪಿ.ಜಿ. ವಿದ್ಯಾರ್ಥಿಗಳು ಎಡವುವ ಜಾಗ ಹೆಚ್ಚೂಕಡಿಮೆ ಒಂದೇ. ವಿಷಯ ಸಿಕ್ಕಿರುತ್ತದೆ, ಗೈಡ್ ಒಪ್ಪಿರುತ್ತಾರೆ, ‘ಬಳಸುವ ಟೂಲ್’, ಅಂದರೆ ಅಳೆಯುವ ಪ್ರಶ್ನಾವಳಿ ಅಥವಾ ಸ್ಕೇಲ್, ಎಂಬಲ್ಲಿ ಮಾತ್ರ ಖಾಲಿ. ಸೀನಿಯರ್ ಒಬ್ಬರ ಥೀಸಿಸ್‌ನಿಂದ ಒಂದು ಸ್ಕೇಲಿನ ಹೆಸರು ಎತ್ತಿಕೊಂಡು, ಟೂಲ್‌ಗಳ ವಿವರ ಕೂಡಿಟ್ಟ ಡೇಟಾಬೇಸ್‌ನಲ್ಲಿ ಹಾಕಿ, ಮೊದಲು ಕಂಡ ರೆಕಾರ್ಡ್‌ನಿಂದ ಲೇಖಕರು, ಇಸವಿ, ರಿಲಯಬಿಲಿಟಿ (ಅಳತೆಯನ್ನು ಎಷ್ಟು ನೆಚ್ಚಬಹುದು ಎಂಬುದು) ಮೂರನ್ನೂ ಇಳಿಸಿಕೊಳ್ಳುತ್ತಾರೆ. ಮೂರೂ ತಪ್ಪಾಗಿರುವುದುಂಟು. ತಪ್ಪು ಡೇಟಾಬೇಸ್‌ನದ್ದಲ್ಲ, ಓದಿದವರದ್ದು.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಇಂಥ ಡೇಟಾಬೇಸ್‌ನ ರೆಕಾರ್ಡ್ ಬಹಳ ಸಲ ಟೂಲಿನ ಬಗ್ಗೆ ಅಲ್ಲ. ಆ ಟೂಲನ್ನು ಯಾರೋ ಒಂದು ಪ್ರಬಂಧದಲ್ಲಿ ಬಳಸಿದ್ದರ ನಮೂದು. ಹಾಗಾಗಿಯೇ ಒಂದೇ ಸ್ಕೇಲಿಗೆ ಹತ್ತಾರು ರೆಕಾರ್ಡ್ ಸಿಗುತ್ತವೆ.

ಎಲ್ಲಿ ಹುಡುಕುವುದು

ಹೆಚ್ಚು ಬಳಕೆಯಲ್ಲಿರುವುದು ಹೆಲ್ತ್ ಅಂಡ್ ಸೈಕೋಸೋಷಿಯಲ್ ಇನ್‌ಸ್ಟ್ರುಮೆಂಟ್ಸ್, ಎಲ್ಲರ ಬಾಯಲ್ಲಿ ‘ಹ್ಯಾಪಿ’. 1985ರಿಂದೀಚಿನ ಸಾಹಿತ್ಯದಲ್ಲಿ ಕಾಣಿಸಿಕೊಂಡ ಪ್ರಶ್ನಾವಳಿ, ಸ್ಕೇಲ್, ಚೆಕ್‌ಲಿಸ್ಟ್‌ಗಳ ವಿವರ ಇದರಲ್ಲಿದೆ. ವಿವರ ಮಾತ್ರ, ಪ್ರಶ್ನೆಗಳೇ ಬೇಕೆಂದರೆ ಮೂಲ ಲೇಖನಕ್ಕೆ ಹೋಗಬೇಕು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಸೈಕ್‌ಟೆಸ್ಟ್ಸ್‌ನಲ್ಲಿ ಅನೇಕ ಟೂಲ್‌ಗಳ ಪ್ರಶ್ನೆಗಳೂ ಸಿಗುತ್ತವೆ. ಎರಡಕ್ಕೂ ಚಂದಾ ಬೇಕು. ನಿಮ್ಮ ಲೈಬ್ರರಿಯನ್‌ರನ್ನು ಕೇಳಿ. ಮೂರು ದಿನ ಗೂಗಲ್‌ನಲ್ಲಿ ತಡಕಾಡುವವರು ಒಂದು ಮಹಡಿ ಇಳಿದು ಲೈಬ್ರರಿಗೆ ಹೋಗುವುದಿಲ್ಲ, ಅದೊಂದು ವಿಚಿತ್ರ.

ಹೆಸರು ಮತ್ತು ಸಂಕ್ಷಿಪ್ತ ರೂಪ

ವೃದ್ಧಾಶ್ರಮದ ಹಿರಿಯರಲ್ಲಿ ಖಿನ್ನತೆ ಎಂಬ ವಿಷಯ ಇಟ್ಟುಕೊಳ್ಳೋಣ. ‘ಜಿಡಿಎಸ್’ ಎಂದು ಹುಡುಕಿದಿರಿ. ಬರುವ ಸಾಲಿನಲ್ಲಿ ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲೂ ಇರುತ್ತದೆ, ಗ್ಲೋಬಲ್ ಡಿಟೀರಿಯೊರೇಷನ್ ಸ್ಕೇಲೂ ಇರುತ್ತದೆ. ಮೊದಲನೆಯದು ಖಿನ್ನತೆಗೆ. ಎರಡನೆಯದು ಮರೆವಿನ ಕಾಯಿಲೆಯನ್ನು 7 ಹಂತಗಳಲ್ಲಿ ಅಳೆಯುವಂಥದ್ದು. ಎರಡೂ 1982ರ ಆಸುಪಾಸಿನವೇ, ಹಾಗಾಗಿ ಇಸವಿ ನೋಡಿ ಬೇರ್ಪಡಿಸಲೂ ಆಗದು. ಸಂಕ್ಷಿಪ್ತ ರೂಪವನ್ನು ಹುಡುಕಾಟಕ್ಕೆ ಬಳಸಬೇಡಿ. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ.

ಪ್ರಶ್ನೆಗಳ ಸಂಖ್ಯೆ

ರೆಕಾರ್ಡ್‌ನ ಒಂದೊಂದು ಅಂಕಣವೂ ಒಂದು ಫೀಲ್ಡ್; ಇದು ಚಿಕ್ಕ ಫೀಲ್ಡ್, ಕಣ್ಣು ಜಾರಿ ಹೋಗುತ್ತದೆ, ಥೀಸಿಸ್ ಕೆಡಿಸುವುದು ಇದೇ. ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲಿಗೆ 30 ಪ್ರಶ್ನೆಗಳ ಮೂಲ ರೂಪವಿದೆ, 1986ರಲ್ಲಿ ಬಂದ 15 ಪ್ರಶ್ನೆಗಳ ಕಿರು ರೂಪವೂ ಇದೆ. 30ರಲ್ಲಿ 0–9 ಸಹಜ, 10–19 ಸೌಮ್ಯ, 20 ಮತ್ತು ಅದಕ್ಕಿಂತ ಹೆಚ್ಚು ತೀವ್ರ. 15ರಲ್ಲಿ ಸಾಮಾನ್ಯವಾಗಿ 5ಕ್ಕಿಂತ ಹೆಚ್ಚು ಬಂದರೇ ಖಿನ್ನತೆಯ ಸೂಚನೆ. ಕಿರು ರೂಪ ಬಳಸಿ ದೊಡ್ಡದರ ಕಟ್‌ಆಫ್ (ಗಡಿ ಅಂಕ) ಹಾಕಿದರೆ 8 ಅಂಕ ಬಂದ ಅಜ್ಜಿ ‘ಸಹಜ’ದ ಪಟ್ಟಿ ಸೇರುತ್ತಾರೆ. ವೈವಾದಲ್ಲಿ ಪರೀಕ್ಷಕರು ಕೈ ಇಡುವುದೂ ಇಲ್ಲಿಗೇ.

ಇನ್ನೊಂದು: 15ರ ರೂಪದಲ್ಲಿ 1, 5, 7, 11, 13ನೇ ಪ್ರಶ್ನೆಗಳಿಗೆ ‘ಇಲ್ಲ’ ಎಂದರೆ ಅಂಕ, ಉಳಿದವಕ್ಕೆ ‘ಹೌದು’ ಎಂದರೆ. ರೆಕಾರ್ಡ್‌ನಲ್ಲಿ ಇದನ್ನು ಹುಡುಕುತ್ತ ಕೂರಬೇಡಿ, ಮೂಲ ಲೇಖನದಿಂದ ಬರೆದುಕೊಳ್ಳಿ.

ಆಕರದ ಬಗೆ: ಇಲ್ಲಿ ನಿಧಾನಿಸಿ

ರೆಕಾರ್ಡ್‌ನಲ್ಲಿ ‘ಪ್ರೈಮರಿ ಸೋರ್ಸ್’ ಅಥವಾ ‘ಸೆಕೆಂಡರಿ ಸೋರ್ಸ್’ ಎಂಬ ಗುರುತು ಇರುತ್ತದೆ. ಪ್ಲಾಟ್‌ಫಾರ್ಮ್ ಬದಲಾದಂತೆ ಫೀಲ್ಡಿನ ಹೆಸರು ಬದಲಾಗಬಹುದು, ಅರ್ಥ ಬದಲಾಗದು. ಟೂಲ್ ತಯಾರಿಸಿದವರೇ ಅದನ್ನು ಪ್ರಕಟಿಸಿದ ಲೇಖನ ಪ್ರೈಮರಿ. ಬೇರೆ ಯಾರೋ ಬಳಸಿದ ಲೇಖನ ಸೆಕೆಂಡರಿ. ಹುಡುಕಾಟದಲ್ಲಿ ಮೇಲೆ ತೇಲಿ ಬರುವುದು ಬಹಳ ಸಲ ಸೆಕೆಂಡರಿಯೇ, ಏಕೆಂದರೆ ಸಂಖ್ಯೆಯಲ್ಲಿ ಅವೇ ಹೆಚ್ಚು.

ಸೆಕೆಂಡರಿ ರೆಕಾರ್ಡ್‌ನಲ್ಲಿ ಯಾವ ಫೀಲ್ಡ್ ಯಾರದ್ದು ಎಂದು ಬಿಡಿಸಿ ನೋಡಬೇಕು. ಟೂಲಿನ ಹೆಸರು ತಯಾರಕರು ಇಟ್ಟದ್ದು. ಲೇಖಕರ ಹೆಸರು ಬಳಸಿದವರದ್ದು. ಇಸವಿಯೂ ಬಳಸಿದವರದ್ದು. ಸ್ಯಾಂಪಲ್ (ಯಾರ ಮೇಲೆ ಪ್ರಯೋಗಿಸಿದರೋ ಆ ಜನ), ರಿಲಯಬಿಲಿಟಿ, ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ ಎಂಬುದು) ಎಲ್ಲವೂ ಆ ಅಧ್ಯಯನದ್ದು. ಇದನ್ನು ಗಮನಿಸದವರು, 2009ರಲ್ಲಿ ಯಾವುದೋ ಆಸ್ಪತ್ರೆಯ ಹೊರರೋಗಿಗಳ ಮೇಲೆ ಸ್ಕೇಲನ್ನು ಪ್ರಯೋಗಿಸಿದವರನ್ನೇ ‘ತಯಾರಕರು, 2009’ ಎಂದು ಬರೆದುಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ 30ರ ರೂಪಕ್ಕೆ ಸರಿಯಾದ ಉಲ್ಲೇಖ ಯೆಸವೇಜ್ ಮತ್ತು ಸಂಗಡಿಗರು, ಜರ್ನಲ್ ಆಫ್ ಸೈಕಿಯಾಟ್ರಿಕ್ ರಿಸರ್ಚ್, ಸಂಪುಟ 17, 1982–83. ಕಿರು ರೂಪಕ್ಕೆ ಶೇಖ್ ಮತ್ತು ಯೆಸವೇಜ್, ಕ್ಲಿನಿಕಲ್ ಜೆರಂಟಾಲಜಿಸ್ಟ್, 1986. ಕಿರು ರೂಪ ಬಳಸುವವರು ಎರಡನ್ನೂ ಕೊಡುವುದು ಮೇಲು.

ಸೆಕೆಂಡರಿ ರೆಕಾರ್ಡ್ ಸಿಕ್ಕಿತೆಂದು ಎಸೆಯಬೇಡಿ. ಅದರಲ್ಲಿರುವ ಉಲ್ಲೇಖಗಳ ಫೀಲ್ಡ್ ಹಿಡಿದು ಹಿಂದಕ್ಕೆ ಹೋದರೆ ಮೂಲ ಸಿಗುತ್ತದೆ. ಹೆಸರಿನ ಜತೆ ‘ಮಾಡಿಫೈಡ್’ ಅಥವಾ ‘ಅಡಾಪ್ಟೆಡ್’ ಎಂದಿದ್ದರೆ ಎಚ್ಚರ: ಪ್ರಶ್ನೆಗಳನ್ನು ಬಿಟ್ಟಿರಬಹುದು, ಸೇರಿಸಿರಬಹುದು, ಉತ್ತರದ ಆಯ್ಕೆಗಳನ್ನೇ ಬದಲಿಸಿರಬಹುದು. ಅದನ್ನು ಬೇರೆ ಟೂಲ್ ಎಂದೇ ಎಣಿಸಿ.

ಚಾಟ್‌ಬಾಟ್‌ಗೆ ಕೇಳಿ ಮೂಲ ಉಲ್ಲೇಖ ತರುವ ಅಡ್ಡದಾರಿ ಈಗ ಚಾಲ್ತಿಯಲ್ಲಿದೆ. ಇಲ್ಲದ ಲೇಖನಕ್ಕೂ ಸಂಪುಟ, ಪುಟಸಂಖ್ಯೆ ಕೊಟ್ಟುಬಿಡುವುದು ಅದರ ಗುಣ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಿಂದಿನ ಬ್ಯಾಚಿನ ಥೀಸಿಸ್ ಸಾಫ್ಟ್ ಕಾಪಿಯೂ ಅಷ್ಟೇ: ಒಬ್ಬರ ತಪ್ಪು ಐದು ವರ್ಷ ಹಾಗೇ ಸಾಗಿ ಬಂದಿರುತ್ತದೆ.

ಸ್ಯಾಂಪಲ್ ಮತ್ತು ರಿಲಯಬಿಲಿಟಿ: ಜತೆಯಾಗಿಯೇ ಓದಿ

ಸ್ಯಾಂಪಲ್ ಫೀಲ್ಡ್‌ನಲ್ಲಿ ವಯಸ್ಸು, ಲಿಂಗ, ಕಾಯಿಲೆ, ಎಲ್ಲಿಯವರು ಎಂಬುದೆಲ್ಲ ಇರುತ್ತದೆ. ರಿಲಯಬಿಲಿಟಿ ಫೀಲ್ಡ್ ಆ ಜನರಿಗೆ ಅಂಟಿಕೊಂಡದ್ದು, ಟೂಲಿಗಲ್ಲ. ಅಲ್ಲಿ ಕೆಲವೊಮ್ಮೆ ಅಂಕಿ ಇರುವುದಿಲ್ಲ, ‘ಇಂಟರ್ನಲ್ ಕನ್ಸಿಸ್ಟೆನ್ಸಿ’ ಅಥವಾ ‘ಟೆಸ್ಟ್–ರೀಟೆಸ್ಟ್’ ಎಂಬ ಬಗೆಯ ಹೆಸರಷ್ಟೇ ಇರುತ್ತದೆ. ಎರಡೂ ಒಂದೇ ಅಲ್ಲ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮೊದಲನೆಯದು. ಅದನ್ನು ಹೇಳುವ ಅಂಕಿಯಾದ ಕ್ರಾನ್‌ಬಾಕ್ ಆಲ್ಫಾ ಇಲ್ಲಿ ಬರುತ್ತದೆ, 0.70ರ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅದೇ ವ್ಯಕ್ತಿಯನ್ನು ವಾರ, ಎರಡು ವಾರ ಬಿಟ್ಟು ಕೇಳಿದಾಗ ಅದೇ ಅಂಕ ಬರುತ್ತದೆಯೇ ಎಂಬುದು ಎರಡನೆಯದು. ಇಬ್ಬರು ಸಂದರ್ಶಕರು ಒಬ್ಬರನ್ನೇ ನೋಡಿ ಅಂಕ ಕೊಡುವ ಟೂಲಾದರೆ ‘ಇಂಟರ್‌ರೇಟರ್’ (ಇಬ್ಬರ ಅಂಕವೂ ಹೊಂದುತ್ತವೆಯೇ ಎಂಬುದು) ಇರಬೇಕು. ಅಲ್ಲಿ ಆಲ್ಫಾ ತೋರಿಸಿ ಪ್ರಯೋಜನವಿಲ್ಲ.

ಆಲ್ಫಾ ಪ್ರಶ್ನೆಗಳ ಸಂಖ್ಯೆ ಜತೆ ಏರುತ್ತದೆ. 30 ಪ್ರಶ್ನೆಗಳ ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲಿಗೆ ಮೂಲ ಅಧ್ಯಯನದಲ್ಲಿ ಬಂದದ್ದು 0.94. ಅದೇ ಗುಣದ ಪ್ರಶ್ನೆಗಳು ಅರ್ಧಕ್ಕೆ ಇಳಿದರೆ, ಸ್ಪಿಯರ್‌ಮನ್–ಬ್ರೌನ್ ಸೂತ್ರದ ಪ್ರಕಾರ ಸುಮಾರು 0.89. ಹೀಗಿರುವಾಗ 0.94 ಅನ್ನು 15ರ ರೂಪದ ಪಕ್ಕ ಬರೆಯುವುದು ಲೆಕ್ಕಕ್ಕೇ ವಿರುದ್ಧ. ಹಾಗೆಂದು ಆಲ್ಫಾ ಹೆಚ್ಚಿದ್ದಷ್ಟೂ ಒಳ್ಳೆಯದೆಂದೂ ಅಲ್ಲ, 0.95 ದಾಟಿದರೆ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳುತ್ತಿದ್ದಾರೆಯೇ ಎಂದು ಅನುಮಾನಿಸಿ.

ಸ್ಯಾಂಪಲ್ ಏಕೆ ಮುಖ್ಯ ಎಂಬುದಕ್ಕೆ 15ರ ರೂಪದ 9ನೇ ಪ್ರಶ್ನೆ ಸಾಕು. ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರುವುದು ಇಷ್ಟವೇ ಎಂದು ಅದು ಕೇಳುತ್ತದೆ. ‘ಹೌದು’ ಅಂದರೆ ಒಂದು ಅಂಕ. ರಾಜಾಜಿನಗರದ ಎಪ್ಪತ್ತೈದರ ಅಜ್ಜನನ್ನು ಕೇಳಿ ನೋಡಿ: ಫುಟ್‌ಪಾತ್ ಮೇಲೆ ಬೈಕು, ಮಂಡಿ ನೋವು, ಆಟೊದವರು ಬರಲ್ಲ ಅಂತಾರೆ, ‘ಮನೇಲೇ ಇರೋದು ವಾಸಿ ಕಣಮ್ಮಾ’ ಅಂದುಬಿಡುತ್ತಾರೆ. ಅದು ಖಿನ್ನತೆಯೋ ಟ್ರಾಫಿಕ್ಕೋ? ಆದ್ದರಿಂದ ಬೇರೆ ದೇಶದ ಸ್ಯಾಂಪಲ್ಲಿನ ಅಂಕಿ ನೆಚ್ಚಿಕೊಳ್ಳದೆ, ನಿಮ್ಮ ಪೈಲಟ್ ಸ್ಟಡಿಯಲ್ಲಿ ಆಲ್ಫಾ ಹೊಸದಾಗಿ ಲೆಕ್ಕ ಹಾಕಿ, ಲೇಖನದ ಅಂಕಿ, ನಿಮ್ಮ ಅಂಕಿ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಬರೆಯಿರಿ.

ವ್ಯಾಲಿಡಿಟಿ

ಫೀಲ್ಡ್ ಖಾಲಿ ಇದ್ದರೆ ಟೂಲ್ ಕೆಟ್ಟದ್ದೆಂದಲ್ಲ, ಆ ಲೇಖನದಲ್ಲಿ ಅದರ ಪ್ರಸ್ತಾಪವಿಲ್ಲ ಎಂದಷ್ಟೇ. ‘ಕಂಟೆಂಟ್’ ಒಂದೇ ಇದ್ದರೆ ತಜ್ಞರು ನೋಡಿ ತಲೆಯಾಡಿಸಿದ್ದಾರೆ ಎಂದರ್ಥ. ‘ಕ್ರೈಟೀರಿಯನ್’ (ನೆಚ್ಚಬಹುದಾದ ಬೇರೊಂದು ಅಳತೆಯ ಜತೆ ಹೋಲಿಸಿ ನೋಡಿದ್ದು) ಇರುವ ರೆಕಾರ್ಡ್ ಸಿಕ್ಕರೆ ಅದನ್ನೇ ಆರಿಸಿ.

ಭಾಷೆ

ಈ ಫೀಲ್ಡ್ ಲೇಖನದ ಭಾಷೆಯನ್ನು ಹೇಳುತ್ತಿದೆಯೋ, ಟೂಲಿನ ಭಾಷೆಯನ್ನೋ ಎಂದು ನೋಡಿಕೊಳ್ಳಿ. ಕನ್ನಡದಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಬರೆದ ಲೇಖನಕ್ಕೆ ‘ಇಂಗ್ಲಿಷ್’ ಎಂದೇ ನಮೂದಾಗಿರಬಹುದು. ಭಾಷೆಯ ಫಿಲ್ಟರ್ ಒತ್ತಿ ‘ಕನ್ನಡದಲ್ಲಿ ಇಲ್ಲ’ ಎಂದು ಕೈಚೆಲ್ಲಬೇಡಿ. ‘ಕನ್ನಡ’, ‘ಕರ್ನಾಟಕ’, ‘ಬೆಂಗಳೂರು’ ಪದಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಅಬ್‌ಸ್ಟ್ರಾಕ್ಟ್ ಫೀಲ್ಡ್‌ಗೆ ಹಾಕಿ ಹುಡುಕಿ. ಊರಿನ ಹೆಸರಿಗೆ ಹಳೆಯ, ಹೊಸ ಎರಡೂ ಕಾಗುಣಿತ ಬೇಕು. ಏನೂ ಸಿಗದಿದ್ದರೆ ಇಬ್ಬರಿಂದ ಅನುವಾದ, ಮೂಲ ನೋಡದ ಮೂರನೆಯವರಿಂದ ಹಿಮ್ಮುಖ ಅನುವಾದ, ಆಮೇಲೆ ಹತ್ತು ಜನರನ್ನು ಕೂರಿಸಿಕೊಂಡು ‘ಈ ಪ್ರಶ್ನೆ ನಿಮಗೆ ಹೇಗೆ ಅರ್ಥವಾಯಿತು’ ಎಂದು ವಿಚಾರಣೆ. ಫೋನಿನ ಅನುವಾದ ಆ್ಯಪ್ ಈ ಕೆಲಸಕ್ಕೆ ನಾಲಾಯಕ್ಕು.

ಅನುಮತಿ

ಸೈಕ್‌ಟೆಸ್ಟ್ಸ್‌ನಲ್ಲಿ ಇದಕ್ಕೆಂದೇ ಫೀಲ್ಡ್ ಇದೆ. ಬೇರೆಡೆ ಇಲ್ಲದಿದ್ದರೆ ‘ಫ್ರೀ’ ಎಂದು ಭಾವಿಸಬೇಡಿ. ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್ ಯಾರು ಬೇಕಾದರೂ ಬಳಸಬಹುದಾದದ್ದು. ಖಿನ್ನತೆಯನ್ನೇ ಅಳೆಯುವ 9 ಪ್ರಶ್ನೆಗಳ ಪಿಎಚ್‌ಕ್ಯೂ-9ಕ್ಕೂ ಅನುಮತಿ ಬೇಡ. ಬೆಕ್ ಡಿಪ್ರೆಷನ್ ಇನ್ವೆಂಟರಿಯ 1996ರ ಎರಡನೇ ಆವೃತ್ತಿಗೆ ದುಡ್ಡು ಕೊಡಬೇಕು. ಮಾತ್ರೆ ಸರಿಯಾಗಿ ನುಂಗುತ್ತಾರೆಯೇ ಎಂದು ಕೇಳುವ ಮೊರಿಸ್ಕಿ ಸ್ಕೇಲಿನ 8 ಪ್ರಶ್ನೆಗಳ ರೂಪವನ್ನು ಪರವಾನಗಿಯಿಲ್ಲದೆ ಬಳಸಿ, ಪ್ರಕಟವಾದ ಲೇಖನವನ್ನೇ ಹಿಂತೆಗೆದುಕೊಂಡವರಿದ್ದಾರೆ.

ಅನುಮತಿ ಬೇಕಾದ ಟೂಲಿಗೆ ರೆಕಾರ್ಡ್‌ನ ವಿಳಾಸದ ಫೀಲ್ಡ್‌ನಲ್ಲಿರುವ ಲೇಖಕರಿಗೆ ಮೇಲ್ ಮಾಡುವ ಮುನ್ನ ಆ ರೆಕಾರ್ಡ್ ಪ್ರೈಮರಿಯೇ ಎಂದು ಇನ್ನೊಮ್ಮೆ ನೋಡಿ; ಬಳಸಿದವರು ಅನುಮತಿ ಕೊಡಲಾರರು. ಮೇಲ್‌ನಲ್ಲಿ ಟೂಲಿನ ಪೂರ್ತಿ ಹೆಸರು, ಪ್ರಶ್ನೆಗಳ ಸಂಖ್ಯೆ, ಎಷ್ಟು ಜನರಿಗೆ ಬಳಸುತ್ತೀರಿ, ಕನ್ನಡಕ್ಕೆ ಅನುವಾದಿಸುತ್ತೀರಾ ಎಂಬ ನಾಲ್ಕು ವಿಷಯ ಸಾಕು. ಬಳಸಲು ಸಿಕ್ಕ ಒಪ್ಪಿಗೆ ಅನುವಾದಕ್ಕೆ ಅನ್ವಯಿಸುವುದಿಲ್ಲ, ಎರಡನ್ನೂ ಒಂದೇ ಮೇಲ್‌ನಲ್ಲಿ ಕೇಳಿ. ಉತ್ತರ ಬಂದ ದಿನವೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಎಥಿಕ್ಸ್ ಕಮಿಟಿ ಅರ್ಜಿಯ ಜತೆ ಅದನ್ನು ಲಗತ್ತಿಸಬೇಕಾಗುತ್ತದೆ.