ದೇವರಾಜ ಮಾರ್ಕೆಟ್‌ಗೆ ಹೋದಾಗ ಕಟ್ಟಡನೂ ನೋಡೋದು ಹೇಗೆ

ಮೈಸೂರಿಗೆ ಬಂದೋರು ದೇವರಾಜ ಮಾರ್ಕೆಟ್ಟಲ್ಲಿ ಬಣ್ಣಬಣ್ಣದ ಕುಂಕುಮದ ರಾಶಿ ಫೋಟೋ ತೆಗ್ದು, ಮಲ್ಲಿಗೆ ತಗೊಂಡು ಹೊರಟೋಗ್ತಾರೆ, ಕಟ್ಟಡನ ಯಾರೂ ನೋಡೋದೇ ಇಲ್ಲ ಅಂತ ನಂಗೆ ತುಂಬಾ ಬೇಜಾರು. ಒಂದು ಗಂಟೆ ಸಾಕು ನೋಡಿ.

ಬೆಳಿಗ್ಗೆ ಬೇಗ ಹೋಗಿ, ರಶ್ ಆದ್ಮೇಲೆ ತಲೆ ಎತ್ಕೊಂಡು ನಿಂತ್ರೆ ಮೂಟೆ ಹೊರೋರಿಗೆ ಅಡ್ಡ ಆಗುತ್ತೆ. ಚಿಕ್ಕ ಗಡಿಯಾರ ಅಂತ ಕರೆಯೋ ಗಡಿಯಾರ ಗೋಪುರದ ಹತ್ರ ಶುರು ಮಾಡಿ. ಬ್ರಿಟಿಷ್ ವೈಸ್‌ರಾಯ್ ಲಾರ್ಡ್ ಡಫರಿನ್ ಬಂದು ಹೋದ ನೆನಪಿಗೆ ಕಟ್ಟಿಸಿದ್ದು ಅದು. ಒಳಗೆ ನುಗ್ಗೋಕ್ ಮುಂಚೆ ಸಯ್ಯಾಜಿರಾವ್ ರೋಡ್ ದಾಟಿ ಎದುರುಗಡೆ ಫುಟ್‌ಪಾತಲ್ಲಿ ನಿಂತ್ಕೊಳ್ಳಿ. ದಸರಾ ಜಂಬೂಸವಾರಿ ಹೋಗೋ ರೋಡಿದು. ಉದ್ದಕ್ಕೆ ಕಾಣೋ ಅಂಗಡಿ ಸಾಲು ಇದ್ಯಲ್ಲ, ಅದೇ ಮಾರ್ಕೆಟ್ಟಿನ ಗೋಡೆ, ಅಂಗಡಿಗಳ ಮುಖ ರೋಡಿಗೆ, ಬೆನ್ನು ಮಾರ್ಕೆಟ್ಟಿಗೆ, ಅದಕ್ಕೇ ಹೊರಗಿಂದ ನೋಡಿದ್ರೆ ಒಳಗೆ ಅಷ್ಟು ದೊಡ್ಡ ಸಂತೆ ಇದೆ ಅಂತ ಗೊತ್ತೇ ಆಗಲ್ಲ.

ಈಗ ಒಳಗೆ ಹೋಗಿ. ಓಣಿ ಮೇಲಿನ ಟಾರ್ಪಾಲ್ ಬಿಟ್ಬಿಡಿ, ಹಳೇ ಅಂಗಡಿ ಒಳಗಿನ ತಾರಸಿ ನೋಡಬೇಕು. ರಸಬಾಳೆ ಒಂದಷ್ಟು ತಗೊಂಡು "ಅಣ್ಣ, ಮೇಲ್ಗಡೆ ಸ್ವಲ್ಪ ನೋಡ್ಲಾ" ಅಂತ ಕೇಳಿ. ಇದಕ್ಕೆ ಮದ್ರಾಸ್ ತಾರಸಿ ಅಂತಾರೆ. ಮರದ ತೊಲೆ ಇಟ್ಟು, ಅದರ ಮೇಲೆ ಸಣ್ಣ ಇಟ್ಟಿಗೆನ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲು ಜೋಡಿಸಿ, ಸುಣ್ಣದ ಗಾರೆಲಿ ಕೂಡಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ ಬಡಿದು ಗಟ್ಟಿ ಮಾಡೋದು. ಕಬ್ಬಿಣದ ಸರಳು ಬೇಕಾಗಲ್ಲ. ಆದ್ರೆ ನೀರು ಇಳಿದ್ರೆ ತೊಲೆ ತುದಿ ಗೋಡೆ ಒಳಗೇ ಕೊಳೆಯುತ್ತೆ, ಹೊರಗೆ ಕಾಣೋದೇ ಇಲ್ಲ.

ಗೋಡೆನೂ ಮುಟ್ಟಿ ನೋಡಿ. ಸುಣ್ಣದ ಗಾರೆ ತೇವ ಹೀರಿ ಹೊರಗೆ ಬಿಡುತ್ತೆ, ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ. ಎಲ್ಲಿ ಪ್ಲಾಸ್ಟರ್ ಉಬ್ಬಿದ್ಯೋ ಅಲ್ಲಿ ಬೂದು ಬಣ್ಣದ ಸಿಮೆಂಟ್ ತೇಪೆ ಇದ್ಯಾ ಗಮನಿಸಿ.

ಹಾಗೇ ಉತ್ತರಕ್ಕೆ ನಡೀತಾ ಧನ್ವಂತರಿ ರೋಡ್ ಕಡೆ ಬನ್ನಿ. 2016ರ ಆಗಸ್ಟಲ್ಲಿ ರಿಪೇರಿ ನಡೀತಿರುವಾಗ್ಲೇ ಕುಸಿದಿದ್ದು ಈ ಕಡೆ ಬಾಗಿಲು. ಕೆಡವಿ ಹೊಸದಾಗಿ ಕಟ್ಟೋಣ ಅನ್ನೋರು, ಇರೋದನ್ನೇ ಉಳಿಸೋಣ ಅನ್ನೋರು, ಆವಾಗಿಂದ ಜಗಳ. ನಾನು ಉಳಿಸೋಣ ಅನ್ನೋರ ಕಡೆ, ಆದ್ರೆ ಸುಣ್ಣದ ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿಗಳ ಕೈಲೇ ಆಗಬೇಕು.