ಅರ್ಜಿ ಮಕ್ಕಳದ್ದಾದರೆ ಮಾತೂ ಅವರೇ ಆಡಲಿ

ಶಿರಸಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಮಳೆಗಾಲ ಹಿಡಿಯಿತೆಂದರೆ ಪಾಸು, ಸ್ಕಾಲರ್‌ಶಿಪ್, ಹಾಸ್ಟೆಲ್ ಅಂತ ಜನ ಬರುತ್ತಲೇ ಇರುತ್ತಾರೆ. "ಯಾವ ಕಾಲೇಜು ತಮ್ಮಾ?" ಅಂತ ಹುಡುಗನನ್ನು ಕೇಳಿದರೆ ಉತ್ತರ ಅಪ್ಪನಿಂದ ಬರುತ್ತದೆ. ಹುಡುಗನಿಗೆ ಮೀಸೆ ಬಂದಿರುತ್ತದೆ. ಇನ್ನೊಂದು ತಿಂಗಳಿಗೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಒಬ್ಬನೇ ಇರಬೇಕಾದವನು!

ಮಕ್ಕಳಿಗೆ ಧೈರ್ಯ ಬರಲಿ ಅಂತ ಬೇಸಿಗೆ ಶಿಬಿರಕ್ಕೆ ಕಳಿಸುವವರಿದ್ದಾರೆ. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅವರದ್ದೇ ಒಂದು ಅರ್ಜಿಯನ್ನು ಶುರುವಿನಿಂದ ದುಡ್ಡು ಖಾತೆಗೆ ಬರುವ ತನಕ ಅವರ ಕೈಗೇ ಬಿಟ್ಟು ನೋಡಿ.

ಎಂಟನೇ ಕ್ಲಾಸಿನಲ್ಲಿ ಶುರು ಮಾಡಬಹುದು. ಮೊದಲು ಒಂದು ಫೈಲು. ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಫೋಟೊ ಎಲ್ಲ ಅದರಲ್ಲಿ. ನಮ್ಮ ಕಡೆಯ ಮಳೆಗೆ ಕಾಗದವೂ ಬೂಸ್ಟು ಹಿಡಿಯುತ್ತದೆ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡುವ ಉಸಾಬರಿಯೂ ಅವರದ್ದೇ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಮುಗಿಯುವ ತಾರೀಕನ್ನು ಅವರೇ ನೋಡಿ ಬರೆದಿಡಲಿ. ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಯಾವುದು ಅಂತ ಒಮ್ಮೆ ತೋರಿಸಿಕೊಡಿ. ಸ್ಕಾಲರ್‌ಶಿಪ್ ಪೋರ್ಟಲ್ ಅದನ್ನೇ ಕೇಳುತ್ತದೆ.

ಹುಡುಗನಾದರೆ ಮೊದಲ ಅರ್ಜಿ ಬಸ್ ಪಾಸಿನದ್ದಾಗಲಿ, ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕುವುದು. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಫ್ರೀ, ಹಾಗಾಗಿ ಅವರು ಸ್ಕಾಲರ್‌ಶಿಪ್‌ನಿಂದಲೇ ಶುರು ಮಾಡಬಹುದು.

ಆಮೇಲೆ ಬ್ಯಾಂಕು. 10 ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಎಷ್ಟು ಹಣದ ತನಕ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಅಡಿಕೆ ಸುಲಿದ ದುಡ್ಡೋ ಅಜ್ಜ ಕೊಟ್ಟ ದುಡ್ಡೋ ಅಲ್ಲಿಗೆ ಹೋಗಲಿ. ಸ್ಲಿಪ್ ಅವರೇ ಬರೆಯಲಿ. ನೀವು ರಸ್ತೆಯಲ್ಲಿ ನಿಲ್ಲಿ. ಒಳಗೆ ಬಂದರೆ ಕೌಂಟರಿನವರು ನಿಮ್ಮ ಮುಖ ನೋಡಿಯೇ ಮಾತಾಡುತ್ತಾರೆ.

ಅರ್ಜಿ ತುಂಬುವ ಮೊದಲು ಹೆಸರು ತಾಳೆ ನೋಡುವುದನ್ನು ಕಲಿಸಿ. ಆಧಾರ್‌ನಲ್ಲಿ ಹೆಗಡೆ, ಶಾಲೆಯಲ್ಲಿ ಹೆಗ್ಡೆ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಇನ್ನು ಮೊಬೈಲ್ ನಂಬರ್. ಅಪ್ಪನ ನಂಬರ್ ಕೊಟ್ಟಿರುತ್ತಾರೆ, ಒಟಿಪಿ ಹೋಗುತ್ತದೆ, ಅಪ್ಪ ತೋಟದಲ್ಲಿ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ನನ್ನ ಅಂಗಡಿಯಲ್ಲಿ ಅರ್ಧ ದಿನ ಹೋಗುವುದೇ ಹೀಗೆ. "ನಾಳೆ ಹತ್ತು ಗಂಟೆಗೆ ಗುಡ್ಡದ ಮೇಲೆ ನಿಂತಿರು ಅಪ್ಪಾ" ಅಂತ ಹಿಂದಿನ ರಾತ್ರಿಯೇ ಹೇಳಿಟ್ಟು ಬರುವ ಹುಡುಗಿ ಎಲ್ಲಿ ಹೋದರೂ ಬದುಕುತ್ತಾಳೆ.

ನಿಜವಾದ ಪಾಠ ಇರುವುದು ಅರ್ಜಿ ಹಾಕಿದ ಮೇಲೆ. ಮಗಳ ಗೆಳತಿಯರಿಗೆಲ್ಲ ಸ್ಕಾಲರ್‌ಶಿಪ್ ಬಂತು, ಇವಳಿಗೆ ಬರಲಿಲ್ಲ. ಖಾತೆಗೆ ಆಧಾರ್ ಜೋಡಣೆ ಆಗದೇ ಇರುವುದು ಇದಕ್ಕೆ ಪದೇ ಪದೇ ಸಿಗುವ ಕಾರಣ. ಅಪ್ಪ ಬೈಕ್ ಹತ್ತಿ ಬ್ಯಾಂಕಿಗೆ ಹೊರಡುವುದು ಇಲ್ಲೇ. ಹೊರಡಬೇಡಿ. ಏನು ಕೇಳಬೇಕು ಅಂತ ಮನೆಯಲ್ಲೇ ಒಮ್ಮೆ ಆಡಿಸಿ: "ಸರ್, ನನ್ನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ ಹೇಳ್ತೀರಾ?" ಅಲ್ಲಿ "ನಾಳೆ ಬಾ" ಅನ್ನುತ್ತಾರೆ. ಅನ್ನಲಿ. ಆಗ ಮುಖ ಸಣ್ಣ ಮಾಡಿಕೊಂಡು ವಾಪಸ್ ಬರುವ ಬದಲು ಇನ್ನೂ ಮೂರು ಮಾತು ಕೇಳಬೇಕು: ಎಷ್ಟು ಗಂಟೆಗೆ ಬರಲಿ, ಯಾರನ್ನು ಕಾಣಲಿ, ಯಾವ ಕಾಗದ ತರಲಿ? ಇಷ್ಟು ಬಾಯಿಗೆ ಬಂದರೆ ಮರುದಿನ ಅವಳು ಹೆದರದೆ ಹೋಗುತ್ತಾಳೆ. ಮನೆಗೆ ಬಂದಾಗ "ಆಯ್ತಾ?" ಅನ್ನುವ ಬದಲು "ಏನಂದ್ರು?" ಅಂತ ಕೇಳಿ. ಆಗದಿದ್ದರೂ ಹೇಳಲು ಅವಳಿಗೊಂದು ಕತೆ ಇರುತ್ತದೆ.

ಎಲ್ಲವನ್ನೂ ಬಿಟ್ಟುಕೊಡಿ ಅನ್ನುತ್ತಿಲ್ಲ. ಕಡೇ ದಿನಕ್ಕೆ ಒಂದು ವಾರ ಇರುವಾಗ ನೀವೊಮ್ಮೆ ಇಣುಕಿ. ಒಟಿಪಿ, ಪಿನ್ ಫೋನಿನಲ್ಲಿ ಕೇಳಿದವರಿಗೆ ಹೇಳಬಾರದು ಅಂತ ಗಟ್ಟಿಯಾಗಿ ಹೇಳಿ. ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಹರಿಯುತ್ತಿದ್ದರೆ ಯಾವ ಅರ್ಜಿಯೂ ಬೇಡ, ಮನೆಯಲ್ಲೇ ಇರಲಿ. ಅದು ಧೈರ್ಯ ಕಲಿಸುವ ಜಾಗ ಅಲ್ಲ.

ಪರೀಕ್ಷೆಯಲ್ಲಿ ಫೇಲಾದರೂ ಇದೇ ದಾರಿ. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ವರ್ಷ ಹಾಳಾಯಿತು ಅಂತ ಅಳಬೇಕಾಗಿಲ್ಲ. ಅತ್ತರೂ ಒಂದು ದಿನ ಅಳಲಿ ಬಿಡಿ. ಮರುದಿನ ಶಾಲೆಗೆ ಹೋಗಿ, ಮುಂದಿನ ಪರೀಕ್ಷೆಗೆ ಹೆಸರು ಕೊಡಲು ಕಡೇ ದಿನ ಯಾವುದು, ಫೀ ಎಷ್ಟು ಅಂತ ಹೆಡ್‌ಮಾಸ್ತರರನ್ನು ಅವರೇ ಕೇಳಿಕೊಂಡು ಬರಲಿ. ಫೀ ದುಡ್ಡು ಮಾತ್ರ ನೀವು ಕೊಡಿ.